ಚಿರೋಟಿ ರವೆಯಂಥ ಮರಳು

ಊರಲ್ಲಿ ಯಾರಾದರೂ ಸಮುದ್ರ ನೋಡಿ ಬಂದರೆಂದರೆ ಗಂಗತ್ತೆ ಅವರ ಮುಖ ನೋಡುತ್ತಿರಲಿಲ್ಲ, ಬ್ಯಾಗು ನೋಡುತ್ತಿದ್ದರು. ಬ್ಯಾಗಿನೊಳಗೆ ಕೈ ಇಳಿಬಿಟ್ಟು, ತಳದ ಹೊಲಿಗೆಯ ಸಂದಿಯಲ್ಲಿ ಉಳಿದಿದ್ದ ಮರಳನ್ನು ಚಿಟಿಕೆಯಷ್ಟು ತೆಗೆದು, ಎರಡು ಬೆರಳ ನಡುವೆ ಉಜ್ಜಿ ನೋಡಿ ತೀರ್ಪು ಕೊಡುತ್ತಿದ್ದರು. "ಇದು ಇಡ್ಲಿ ರವೆ. ಕೊಡವಿದ್ರೆ ಉದುರ್ತದೆ, ಕೂರಾಕೆ ಒಳ್ಳೇದು." "ಇದು ಉಪ್ಪಿಟ್ಟು ರವೆ, ಪರವಾಗಿಲ್ಲ." ತೀರಾ ನುಣುಪಾಗಿದ್ದರೆ ಮೂಗು ಮುರಿಯುತ್ತಿದ್ದರು. "ಚಿರೋಟಿ ರವೆ ಕಣಪ್ಪ ಇದು. ಸೀರೆಗೆ ಅಂಟ್ಕಂಡ್ರೆ ಎಷ್ಟು ನೀರಲ್ಲಿ ಜಾಲಿಸಿದ್ರೂ ಹೋಗಾಕಿಲ್ಲ. ಹೆಂಗಸ್ರಿಗೆ ಬ್ಯಾಡ."

ಹೀಗೆ ಕರಾವಳಿಯ ಬೀಚುಗಳನ್ನೆಲ್ಲ ರವೆಯ ಲೆಕ್ಕದಲ್ಲಿ ವಿಂಗಡಿಸಿ ಇಟ್ಟಿದ್ದ ಗಂಗತ್ತೆ ಸಮುದ್ರವನ್ನು ಒಂದು ಸಲವೂ ಕಂಡಿರಲಿಲ್ಲ.

ಅವರ ಪೂರ್ತಿ ಹೆಸರು ಹೊನ್ನಗಂಗಮ್ಮ. ನಮ್ಮಪ್ಪ ಅವರನ್ನು ಅಕ್ಕ ಎನ್ನುತ್ತಿದ್ದುದರಿಂದ ನಮಗೆ ಅತ್ತೆ. ರಕ್ತಸಂಬಂಧವೇನೂ ಇಲ್ಲ, ಎದುರುಮನೆಯ ಸಂಬಂಧ. ಸೋಲೂರಿನಲ್ಲಿ ಅವರ ಮನೆ ಹೆದ್ದಾರಿಗೆ ಬೆನ್ನು ಕೊಟ್ಟು ನಿಂತಿತ್ತು. ಕೊಟ್ಟಿಗೆಯ ಹಿಂಗೋಡೆಯ ಕಿಂಡಿಯಲ್ಲಿ ಇಣುಕಿದರೆ ಧರ್ಮಸ್ಥಳ, ಮಂಗಳೂರು, ಕುಂದಾಪುರ, ಭಟ್ಕಳ ಎಂದು ಬೋರ್ಡು ಹಾಕಿಕೊಂಡ ಬಸ್ಸುಗಳು ಹೋಗುವುದು ಕಾಣುತ್ತಿತ್ತು. ಅತ್ತೆ ಹಾಲು ಕರೆಯುತ್ತಲೇ ಬೋರ್ಡು ಓದುತ್ತಿದ್ದರು. ಯಾವ ಬಸ್ಸು ಇವತ್ತು ತಡ, ಯಾವುದಕ್ಕೆ ಹೊಸ ಬಣ್ಣ ಬಳಿದಿದ್ದಾರೆ ಎಂಬುದೆಲ್ಲ ಅವರಿಗೆ ಗೊತ್ತು. ಸಮುದ್ರಕ್ಕೆ ಹೋಗುವ ದಾರಿ ಅವರ ಮನೆಯ ಹಿತ್ತಿಲಲ್ಲೇ ಇತ್ತು, ಹೋಗುವುದಕ್ಕೆ ಮಾತ್ರ ಬಿಡುವಿರಲಿಲ್ಲ.

ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಂತೂ ಅವರ ಜಗುಲಿಗೆ ಬಂದು ಕೇಳದೆ ನಮ್ಮ ಬೀದಿಯ ಯಾರೂ ಕರಾವಳಿಯ ಬಸ್ಸು ಹತ್ತುತ್ತಿರಲಿಲ್ಲ. ಮೂಲೆಮನೆ ಜಯಮ್ಮ ಕೇಳಲು ಬಂದ ದಿನ ನಾನೂ ಅಲ್ಲೇ ಕೂತಿದ್ದೆ.

"ಗಂಗಕ್ಕ, ಮುರುಡೇಶ್ವರಕ್ಕೆ ಹೋಗಾನ ಅಂತಿದೀವಿ."

"ಯಾರ್ಯಾರು?"

"ನಾನು, ನಮ್ಮತ್ತೆ, ನಾದಿನಿ."

"ನಿಮ್ಮತ್ತೆ ಮಂಡಿ ಹೆಂಗೈತೆ?"

"ಹಂಗೇ ಐತೆ. ಬಾಯೂ ಹಂಗೇ ಐತೆ."

"ಹಂಗಾರೆ ಮುರುಡೇಶ್ವರವೇ ಸರಿ. ದೇವ್ರೂ ಅಲ್ಲೇ, ನೀರೂ ಅಲ್ಲೇ, ಜಾಸ್ತಿ ನಡೆಯಂಗಿಲ್ಲ. ಭಾನುವಾರ ಮಾತ್ರ ಹೋಗಬ್ಯಾಡಿ, ಕಾಲಿಡಾಕೆ ಜಾಗ ಇರಾಕಿಲ್ಲವಂತೆ."

"ಮರವಂತೆ ಭಾಳ ಚೆನ್ನಾಗೈತೆ ಅಂತ ನಮ್ಮನೆಯವರು ಅಂತಿದ್ರು."

"ಗಂಡಸ್ರ ಮಾತು ಕೇಳಬ್ಯಾಡ. ಅವರಿಗೆ ಎಲ್ಲಾ ಕಡೆನೂ ಚೆನ್ನಾಗೇ ಇರ್ತದೆ. ಒದ್ದೆ ಸೀರೆ ಬಿಚ್ಚಿ ಉಡಾಕೆ ಗೋಡೆ ಎಲ್ಲೈತೆ, ಮೈ ಉಪ್ಪು ತೊಳೆಯಾಕೆ ನಲ್ಲಿ ಎಲ್ಲೈತೆ ಅಂತ ಯಾವ ಗಂಡಸು ನೋಡ್ಕಂಡು ಬಂದವ್ನೆ? ಮರವಂತೇಲಿ ರೋಡಿನ ಪಕ್ಕಕ್ಕೇ ಸಮುದ್ರ, ನಿಜ. ಆದ್ರೆ ಬಂಡೆ, ಅಲೆ ಎಳ್ಕತದೆ. ಅದು ನೋಡೋ ಸಮುದ್ರ ಕಣಮ್ಮ. ಇಳಿಯೋ ಸಮುದ್ರ ಅಲ್ಲ."

ಎಲ್ಲ ಬೀಚುಗಳೂ ಅವರಿಗೆ ಈ ಎರಡೇ ಜಾತಿ: ನೋಡುವ ಸಮುದ್ರ, ಇಳಿಯುವ ಸಮುದ್ರ. ಅವರ ಲೆಕ್ಕ ತಪ್ಪಿದ್ದೂ ಉಂಟು. ಅದೇ ಜಯಮ್ಮ ಇನ್ನೊಂದು ಸಲ ಅವರ ಮಾತು ನಂಬಿ ಹೋಗಿ ನಡುಮಧ್ಯಾಹ್ನದ ಮರಳಲ್ಲಿ ಪಾದ ಸುಟ್ಟುಕೊಂಡು ಬಂದು ಜಗುಲಿಯಲ್ಲೇ ಜಗಳಕ್ಕೆ ನಿಂತಳು. ಗಂಗತ್ತೆ ಅವಳ ಪಾದಕ್ಕೆ ಬೆಣ್ಣೆ ಹಚ್ಚುತ್ತ, "ನೆರಳು ಐತಾ ಅಂತ ಕೇಳಿದ್ದೆ ಕಣಮ್ಮ, ಎಷ್ಟೊತ್ತಲ್ಲಿ ಇರ್ತದೆ ಅಂತ ಕೇಳಿರಲಿಲ್ಲ" ಎಂದರು. ಅಂದಿನಿಂದ ಹೋಗಿಬಂದವರನ್ನು ಹೊತ್ತಿನ ಲೆಕ್ಕವನ್ನೂ ಕೇಳತೊಡಗಿದರು.

ಅವರನ್ನು ಕಟ್ಟಿ ಹಾಕಿದ್ದು ರಾಣಿ ಎಂಬ ಸೀಮೆಹಸು. ಹುಟ್ಟಿದ ವಾರಕ್ಕೇ ತಾಯಿ ಸತ್ತ ಕರುವನ್ನು ಗಂಗತ್ತೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದರು. ಅದು ಬೆಳೆದು ಹಸುವಾದ ಮೇಲೆ ಅವರ ಕೈಗಲ್ಲದೆ ಬೇರೆ ಕೈಗೆ ಹಾಲು ಇಳಿಸುತ್ತಿರಲಿಲ್ಲ. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು. ನಡುವೆ ಮೇವು, ಸಗಣಿ, ಡೈರಿ. ನನ್ನ ಮದುವೆಯಲ್ಲಿ ಧಾರೆ ಮುಗಿಯುತ್ತಲೇ ಅಕ್ಷತೆ ಹಾಕಿ, ಊಟಕ್ಕೂ ನಿಲ್ಲದೆ, ಸೆರಗಿನಲ್ಲಿ ಎರಡು ಹೋಳಿಗೆ ಕಟ್ಟಿಕೊಂಡು ಓಡಿದ್ದರು. ಹಸುವಿನ ಹಾಲು ಬತ್ತಿದ ತಿಂಗಳಲ್ಲಾದರೂ ಹೋಗಿ ಬನ್ನಿ ಎಂದರೆ, ಗಬ್ಬದ ಹಸು, ಯಾವ ಗಳಿಗೆಯಲ್ಲಿ ಈಯುತ್ತದೋ ಎಂಬ ದಿಗಿಲು. "ಅದು ನನ್ನ ಕಟ್ಕಂಡೈತೋ, ನಾನು ಅದನ್ನ ಕಟ್ಕಂಡಿದೀನೋ, ಹಗ್ಗ ಮಾತ್ರ ಒಂದೇ" ಎಂದು ನಗುತ್ತಿದ್ದರು. ನಗುವಾಗಲೂ ಕಣ್ಣು ಕಿಂಡಿಯ ಕಡೆಗೇ.

ಅವರ ಗಂಡ ರುದ್ರಣ್ಣ ಮಾವನಿಗೂ ಹೆಂಡತಿಯನ್ನು ಕಳಿಸುವ ಆಸೆಯಿತ್ತು. ಒಂದು ಸಂಜೆ ಹೆಂಡತಿಯ ಹಳೇ ಸೀರೆಯನ್ನು ಪಂಚೆಯ ಮೇಲೆಯೇ ಸುತ್ತಿಕೊಂಡು, ಮುಸುಕು ಹಾಕಿಕೊಂಡು, ಬಕೆಟ್ ಹಿಡಿದು ಕೂತರು. ರಾಣಿ ತಿರುಗಿ ಒಮ್ಮೆ ಮೂಸಿತು. ಮರುಕ್ಷಣ ಬಕೆಟ್ ಒಂದು ಕಡೆ, ಮಾವ ಒಂದು ಕಡೆ. ಬಾಗಿಲಲ್ಲಿ ನಿಂತಿದ್ದ ಸೊಸೆ ಪವಿತ್ರ ನಗು ತಡೆಯಲಾರದೆ ಒಳಗೆ ಓಡಿದಳು.

"ಮೀಸೆ ಬೋಳಿಸ್ಕಂಡು ಕೂರಬೇಕಿತ್ತು" ಎಂದರು ಗಂಗತ್ತೆ.

"ನಿನ್ನ ಹಸು ನಿನ್ನಂಗೇ ಕಣೇ, ಒದ್ದೇ ಮಾತಾಡ್ತದೆ" ಎಂದು ಮಾವ ಸೊಂಟ ನೀವಿಕೊಂಡರು.

ಆಮೇಲೆ ಉಪಾಯ ಹೂಡಿದವನು ನಾನು. ಗಂಗತ್ತೆ ಹಾಲು ಕರೆಯುವಾಗ ಹಸುವಿನ ಜೊತೆ ಮಾತಾಡುವುದು ಬೀದಿಗೆಲ್ಲ ಕೇಳುತ್ತಿತ್ತು. ಮಾತೆಲ್ಲ ಸಮುದ್ರದ್ದೇ. "ಕಾಪು ಬೀಚಲ್ಲಿ ದೀಪದ ಕಂಬ ಐತಂತೆ ಕಣವ್ವ ರಾಣಿ, ಹತ್ತಿದ್ರೆ ದೋಣಿಯೆಲ್ಲ ಇರುವೆ ಸಾಲಿನಂಗೆ ಕಾಣ್ತವಂತೆ. ಕಾರವಾರದಲ್ಲಿ ಅಲೆ ಸಣ್ಣವಂತೆ, ನಿಂಗೂ ಭಯ ಇಲ್ಲ." ಅದನ್ನು ಪವಿತ್ರಳ ಮೊಬೈಲಿನಲ್ಲಿ ತುಂಬಿಕೊಂಡೆ. ಮಾರನೆಯ ಬೆಳಿಗ್ಗೆ ಪವಿತ್ರ ಅತ್ತೆಯ ಸೀರೆಯುಟ್ಟು, ಮೊಬೈಲನ್ನು ಗೋದಲಿಯ ಮೇಲಿಟ್ಟು ಕೂತಳು. ಗಂಗತ್ತೆಯನ್ನು ಗೋಡೆಯ ಆಚೆ ನಿಲ್ಲಿಸಿದೆವು. ಹಸು ಕಿವಿ ಅಲ್ಲಾಡಿಸಿತು, ಬಾಲ ಬೀಸಿತು, ಹಾಲು ಇಳಿಸಿತು. ಮೂರು ದಿನ ಹೀಗೇ ನಡೆಯಿತು. ಮೂರನೆಯ ದಿನ ಪವಿತ್ರ ಬಕೆಟ್ ಎತ್ತಿ ತೋರಿಸಿದಾಗ ಅತ್ತೆಗೆ ಖುಷಿಯಾಗುತ್ತದೆಂದು ಕಾದೆ. ಅವರು ನೊರೆಯನ್ನೇ ನೋಡುತ್ತ, "ಮಿಷನ್ ಮಾತಿಗೂ ಕೊಡ್ತದೆ ಹಂಗಾರೆ" ಎಂದಷ್ಟೇ ಹೇಳಿ ಒಳಗೆ ಹೋದರು.

ಸಂಜೆಯ ಹೊತ್ತಿಗೆ ಅವರ ಮನಸ್ಸು ತಿಳಿಯಾಗಿತ್ತು. ನಾನೂ ನನ್ನ ಹೆಂಡತಿ ಭಾಗ್ಯಳೂ ಜೊತೆಗೆ ಹೋಗುವುದೆಂದಾಯಿತು. ಯಾವ ಬೀಚು ಎಂದು ಕೇಳಿದಾಗ, ಊರಿಗೆಲ್ಲ ಬುದ್ಧಿ ಹೇಳಿದ ಗಂಗತ್ತೆ ತಡವರಿಸಲಿಲ್ಲ. "ಮರವಂತೆ" ಎಂದರು.

"ಅದು ನೋಡೋ ಸಮುದ್ರ ಅಂತ ನೀವೇ ಅಲ್ವಾ ಅತ್ತೆ ಹೇಳ್ತಿದ್ದಿದ್ದು?"

"ಹೂಂ. ಭಟ್ಕಳದ ಬಸ್ಸು ಅದರ ಪಕ್ಕದಲ್ಲೇ ಹೋಯ್ತದೆ. ಕಿಟಕೀಲಿ ಕೂತ್ರೆ ಇಳಿಯದೇ ಬ್ಯಾಡ. ಭಟ್ಕಳದಲ್ಲಿ ಬೇರೆ ಬಸ್ಸು ಹಿಡಿದು ತಿರುಗಿದ್ರೆ, ಹೋಗ್ತಾ ಒಂದ್ಸಲ, ಬತ್ತಾ ಒಂದ್ಸಲ, ಎರಡು ಸಲ ನೋಡ್ದಂಗಾಯ್ತು. ಎರಡು ಹೊತ್ತಿನ ಹಾಲು ಪವಿತ್ರ ಕರೆದ್ರೆ ಮೂರನೇ ಹೊತ್ತಿಗೆ ನಾನು ಇಲ್ಲಿರ್ತೀನಿ."

ಎಲ್ಲರಿಗೂ ಮಂಡಿ, ಮಗು, ಸೀರೆ ನೋಡಿ ಬೀಚು ಆರಿಸುತ್ತಿದ್ದವರು ತಮಗಾಗಿ ಆರಿಸುವಾಗ ಹಸುವನ್ನು ನೋಡಿ ಆರಿಸಿದ್ದರು.

ಸಂಜೆಯ ಹಾಲು ಕರೆದು, ಕೈ ತೊಳೆದು, ಹೊಸ ಸೀರೆಯುಟ್ಟು ಬಸ್ಸು ಹತ್ತಿದರು. ಕಂಡಕ್ಟರ್ ಕೇಳುವ ಮೊದಲೇ ಆಧಾರ್ ಕಾರ್ಡು ಚಾಚಿದರು. ಬೆಳಗಾಗುವಾಗ ಬಸ್ಸು ಉಡುಪಿಯ ನಿಲ್ದಾಣದಲ್ಲಿ ಚಹಾಕ್ಕೆಂದು ನಿಂತಿತು. ಗಂಗತ್ತೆ ಇಳಿದು ಗಾಳಿಗೆ ಮುಖ ಒಡ್ಡಿ ನಿಂತರು. ತೋಳನ್ನು ಬೆರಳಿನಿಂದ ಉಜ್ಜಿ, "ಅಂಟಂಟು. ಇದು ಅಲ್ಲಿಂದ್ಲೇ ಬರೋ ಗಾಳಿಯಾ?" ಎಂದರು. ಹೌದೆಂದೆ.

ಆಗ ಮಾವನ ಫೋನು ಬಂತು. ರಾಣಿ ಪವಿತ್ರಳನ್ನು ಒದ್ದಿತ್ತು. ಸೀರೆಗೂ ಬಗ್ಗಲಿಲ್ಲ, ಮೊಬೈಲಿಗೂ ಬಗ್ಗಲಿಲ್ಲ. ಕೆಚ್ಚಲು ಬಿಗಿದು ಕಲ್ಲಾಗಿತ್ತು. ಫೋನಿನಲ್ಲಿ ಹಿಂದುಗಡೆಯಿಂದ ಅದು ಕೂಗುವುದು ನನಗೂ ಕೇಳಿಸಿತು.

ಗಂಗತ್ತೆ ಫೋನು ನನ್ನ ಕೈಗಿತ್ತರು. "ಅದು ಫೋನಿಗೆ ಕೊಟ್ಟಿದ್ದಲ್ಲ ಕಣಪ್ಪ. ಗೋಡೆ ಹಿಂದೆ ನಾನಿದ್ನಲ್ಲ, ವಾಸನೆಗೆ ಕೊಟ್ಟೈತೆ. ಅವತ್ತೇ ನನಗೆ ಅನುಮಾನ ಇತ್ತು. ಆಸೆಗೆ ಬಾಯಿ ಮುಚ್ಕಂಡಿದ್ದೆ."

ಎದುರಿಗೇ ಬೆಂಗಳೂರಿನ ಬಸ್ಸು ಹೊರಡಲು ನಿಂತಿತ್ತು. ಅವರು ಆಗಲೇ ಬ್ಯಾಗು ಎತ್ತಿಕೊಂಡಿದ್ದರು.

"ಅತ್ತೆ, ಇಲ್ಲಿಂದ ಮಲ್ಪೆ ಬೀಚು ಆಟೋದಲ್ಲಿ ಹತ್ತು ನಿಮಿಷ. ಒಂದ್ಸಲ ಕಣ್ಣಲ್ಲಿ ನೋಡ್ಕೊಂಡು ಮುಂದಿನ ಬಸ್ಸಿಗೆ ಹೋಗೋಣ."

"ಗೊತ್ತು ಕಣಪ್ಪ. ಎಷ್ಟು ಜನಕ್ಕೆ ನಾನೇ ಹೇಳಿ ಕಳಿಸಿದೀನಿ." ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದರು. "ಸಮುದ್ರಕ್ಕೆ ಕೆಚ್ಚಲಿಲ್ಲ. ಅದು ಕಾಯ್ತದೆ."

ನಾವಿಬ್ಬರೂ ಅವರ ಹಿಂದೆಯೇ ಹತ್ತಿದೆವು. ಸಂಜೆ ಕೊಟ್ಟಿಗೆಯಿಂದ ಅವರ ದನಿ ಕೇಳಿ ನಾನು ಬಾಗಿಲಲ್ಲಿ ನಿಂತೆ. ಉಡುಪಿಯ ಬಸ್ ನಿಲ್ದಾಣದ ಗಾಳಿ ಹೇಗೆ ಅಂಟಂಟಾಗಿತ್ತೆಂದು ಹಸುವಿಗೆ ವರ್ಣಿಸುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಅವರಿಗೆ ಉಸಿರಿನ ತೊಂದರೆ ಹೆಚ್ಚಾಗಿ ನೆಲಮಂಗಲದ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಅವರು ಮನೆಗೆ ಬರಲಿಲ್ಲ. ಈಗ ಬೀದಿಯ ಹೆಂಗಸರು ಯಾರನ್ನೂ ಕೇಳದೆ ಬಸ್ಸು ಹತ್ತುತ್ತಾರೆ. ಬಂದ ಮೇಲೆ ಬ್ಯಾಗನ್ನು ತಾವೇ ಕೊಡವಿಕೊಳ್ಳುತ್ತಾರೆ.

ನಾನು ಅವರನ್ನು ಕಡೆಯ ಸಲ ಕಂಡದ್ದು ಆ ಆಸ್ಪತ್ರೆಯಲ್ಲೇ. ಮಂಚದ ಪಕ್ಕ ರುದ್ರಣ್ಣ ಮಾವ ಕೂತಿದ್ದರು. ಹೆಂಡತಿಗೆ ಸಮಾಧಾನವಾಗಲೆಂದು, "ಹಸೂದು ಯೋಚನೆ ಬುಡು. ಪವಿತ್ರಂಗೇ ಕೊಡ್ತಾ ಐತೆ. ನಿನ್ನ ಸೀರೆಯಿಲ್ಲ, ಫೋನಿಲ್ಲ, ಸುಮ್ಕೆ ಕೂತ್ಕಂಡು ಕರೀತಾಳೆ" ಎಂದರು.

ಗಂಗತ್ತೆ ಮೂಗಿಗೆ ಹಾಕಿದ್ದ ನಳಿಕೆಯನ್ನು ಸ್ವಲ್ಪ ಸರಿಸಿ, "ಎಷ್ಟು ಹೊತ್ತು ಹಟ ಮಾಡ್ತು?" ಎಂದು ಕೇಳಿದರು.

"ಎರಡೇ ಹೊತ್ತು. ಮೂರನೇ ಹೊತ್ತಿಗೆ ತಾನೇ ಬಗ್ತು."

ಮರವಂತೆಗೆ ಹೋಗಿಬರಲು ಅವತ್ತು ಬೇಕಿದ್ದದ್ದೂ ಎರಡೇ ಹೊತ್ತು. ಮಾವನಿಗೆ ತಾವು ಹೇಳಿದ್ದೇನೆಂದು ಆಗ ಹೊಳೆಯಿತೆಂದು ಕಾಣುತ್ತದೆ, ಎದ್ದು ಹೊರಗೆ ಹೋದರು.

"ಎರಡೇ ಹೊತ್ತಾ" ಎಂದರು ಗಂಗತ್ತೆ, ತಮಗೆ ತಾವೇ. ಆಮೇಲೆ ನನ್ನ ಕಡೆ ತಿರುಗಿ, "ಇನ್ನು ಮರವಂತೆ ಬ್ಯಾಡ ಕಣಪ್ಪ. ಇಳಿಯೋ ಸಮುದ್ರ ಯಾವುದಾರ ನೀನೇ ಹೇಳು" ಎಂದರು.

ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಕೇಳಿದ್ದು ಅದೊಂದೇ ಸಲ. ತೋಚಿದ್ದನ್ನು ಹೇಳಿದೆ. "ಮಲ್ಪೆ."

"ಮಲ್ಪೆ ಚಿರೋಟಿ ರವೆ. ಸೀರೆಗೆ ಅಂಟ್ಕತದೆ."

ನಾನು ಬೇರೆ ಹೆಸರು ಹುಡುಕುತ್ತಿದ್ದೆ. ಅವರು ಹೊದಿಕೆಯ ಅಂಚನ್ನು ಎರಡು ಬೆರಳ ನಡುವೆ ಉಜ್ಜುತ್ತ ಕಣ್ಣು ಮುಚ್ಚಿಕೊಂಡರು.

"ಅಂಟ್ಕಳ್ಳಿ ಬುಡು" ಎಂದರು.