ಕರುವಿನ ಪಾಲಿನ ಗಿಣ್ಣ

ಕಳೆದ ತಿಂಗಳು ನಾನು ಒಂದು ಕರುವಿನ ಊಟ ತಿಂದೆ. ಎರಡು ತಟ್ಟೆ. ಬೆಲ್ಲ ಹದವಾಗಿತ್ತು, ಏಲಕ್ಕಿ ಘಮಘಮ ಅನ್ನುತ್ತಿತ್ತು. ಮೂರನೆಯದಕ್ಕೂ ಕೈಯೊಡ್ಡಿದ್ದೆ ಅಂತ ಹೇಳಿಬಿಡುತ್ತೇನೆ, ಮುಚ್ಚಿಡುವುದೇಕೆ?

ನಡೆದದ್ದು ಆಳಂದ ತಾಲ್ಲೂಕಿನ ನಿಂಬರ್ಗಾದಲ್ಲಿ, ನನ್ನ ಅಕ್ಕನ ಮನೆಯಲ್ಲಿ. ಕಲಬುರ್ಗಿಯಿಂದ ಹೋಗಿ ನಾನು ಬಸ್ಸಿಳಿಯುವಷ್ಟರಲ್ಲಿ ಅವರ ಆಕಳು ಸತ್ತಿತ್ತು. ಬೆಳಿಗ್ಗೆ ಕರು ಹಾಕಿದ್ದು ಮತ್ತೆ ಏಳಲೇ ಇಲ್ಲ. ಉಳಿದದ್ದು ಒಂದು ಹೆಣ್ಣುಗರು. ಅಕ್ಕ ಒಂದು ಕೈಯಲ್ಲಿ ತನ್ನ ಕಣ್ಣೊರೆಸಿಕೊಳ್ಳುತ್ತ, ಇನ್ನೊಂದು ಕೈಯಲ್ಲಿ ಗೋಣಿಚೀಲ ಹಿಡಿದು ಅದರ ಮೈ ಒರೆಸುತ್ತಿದ್ದಳು. ಏಳು ವರ್ಷ ಸಾಕಿದ ಆಕಳು. ಇದೊಂದಾದರೂ ಉಳಿಯಲಿ ಅನ್ನುವುದಷ್ಟೇ ಅವಳ ಆಸೆ.

ಮಾಮಾ (ಅಕ್ಕನ ಗಂಡ, ಎಲ್ಲದಕ್ಕೂ ಒಂದು ಐಡಿಯಾ ಇಟ್ಟುಕೊಂಡಿರುವ ಮನುಷ್ಯ) ಒಂದು ಖಾಲಿ ಬಾಟಲಿಗೆ ರಬ್ಬರ್ ನಿಪ್ಪಲ್ ಸಿಕ್ಕಿಸಿ ಪಾಕೀಟು ಹಾಲು ತುಂಬಿದರು; ಮನೆಯ ಎಮ್ಮೆ ಗಬ್ಬವಿದ್ದು ಹಾಲು ಬತ್ತಿತ್ತು. ಕರು ನಿಧಾನಕ್ಕೆ ಚೀಪುತ್ತಿತ್ತು. ಮಾಮಾಗೆ ಅಷ್ಟು ತಾಳ್ಮೆ ಎಲ್ಲಿ? ಸೂಜಿ ಕಾಯಿಸಿ ನಿಪ್ಪಲ್ಲಿನ ತೂತು ದೊಡ್ಡದು ಮಾಡಿದರು. ಎರಡೇ ನಿಮಿಷಕ್ಕೆ ಬಾಟಲಿ ಖಾಲಿ. ಕರು ಕೆಮ್ಮಿತು.

"ನೋಡು, ಹ್ಯಾಂಗ ಕುಡೀತದ!" ಎಂದರು, ದೊಡ್ಡ ಕೆಲಸ ಗೆದ್ದವರಂತೆ.

ಮಧ್ಯಾಹ್ನ ಎದುರುಮನೆಯ ನೀಲಮ್ಮ ಒಂದು ಚರಿಗೆ ಗಿಣ್ಣದ ಹಾಲು ತಂದರು. ಅವರ ಆಕಳೂ ಅದೇ ದಿನ ಈದಿತ್ತು. ಈದ ಆಕಳ ಮೊದಲ ಹಾಲನ್ನು ಅಕ್ಕಪಕ್ಕದ ಮನೆಗೆ ಕೊಡದೆ ನಮ್ಮ ಕಡೆ ಯಾರೂ ಇರುವುದಿಲ್ಲ.

"ಇವತ್ತ ಸಿಹಿ ಹ್ಯಾಂಗ ಮಾಡ್ಲಿ?" ಎಂದಳು ಅಕ್ಕ.

"ಇಟ್ಟರ ಕೆಡ್ತದ ಬೇ. ತಮ್ಮ ಬಂದಾನ, ಅವನಿಗರ ಮಾಡಿ ಹಾಕು," ಎಂದರು ನೀಲಮ್ಮ.

ಬೇಡ ಅನ್ನಬೇಕಿತ್ತು ನಾನು. "ಸ್ವಲ್ಪೇ ಮಾಡು," ಅಂದೆ. ಕರು ಹತ್ತು ಹೆಜ್ಜೆ ದೂರದ ಕೊಟ್ಟಿಗೆಯಲ್ಲಿ ಮಲಗಿತ್ತು.

ಮೂರನೇ ದಿನ ಕರುವಿಗೆ ನೀರಿನಂಥ ಭೇದಿ. ಕಣ್ಣು ಒಳಗೆ ಹೋಗಿದ್ದವು. ಎಬ್ಬಿಸಿ ನಿಲ್ಲಿಸಿದರೆ ಕುಸಿಯುತ್ತಿತ್ತು. ದನದ ಡಾಕ್ಟರು ಬೈಕಿನಲ್ಲಿ ಬಂದರು. ಮುಟ್ಟಿ ನೋಡಿ ಕೇಳಿದ ಮೊದಲ ಪ್ರಶ್ನೆ:

"ಹುಟ್ಟಿದ ದಿನ ಗಿಣ್ಣದ ಹಾಲು ಕುಡಿಸಿದ್ರೇನ್ರಿ?"

"ಅದರವ್ವ ಸತ್ತದಲ್ರಿ ಸಾಹೇಬ್ರ," ಎಂದರು ಮಾಮಾ.

"ಬ್ಯಾರೆ ಆಕಳದ್ದೂ ನಡೀತದ್ರಿ. ರೋಗ ತಡಿಯೋ ತಾಕತ್ತು ಅದರಾಗೇ ಇರ್ತದ. ಓಣ್ಯಾಗ ಯಾರ ಆಕಳಾನೂ ಈದಿದ್ದಿಲ್ಲೇನು?"

ಅಕ್ಕ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. "ಈಗ ಕುಡಿಸಿದ್ರ?" ಎಂದು ಕೇಳಿದೆ.

"ಮೊದಲ ದಿನದಾಗೇ ಹೊಟ್ಟಿಗೆ ಹೋಗಬೇಕ್ರಿ. ಈಗ ಅಷ್ಟು ಹತ್ತಂಗಿಲ್ಲ."

ಆಮೇಲೆ ಡಾಕ್ಟರು ಬಾಟಲಿ ಬೋರಲು ಹಾಕಿದರು. ಹಾಲು ಸುರಿಯಿತು. "ಇದೇನ್ರಿ, ನಳಾ ಬಿಟ್ಟಂಗ ಬಿಡಾಕತ್ತೀರಿ? ಹಾಲು ಪುಪ್ಪುಸಕ್ಕ ಹೋದರ ಕರ ಕೈಬಿಟ್ಟು ಹೋಗ್ತದ." ಮಾಮಾ ನಿಪ್ಪಲ್ ಬದಲಿಸಲು ಎದ್ದರು, ಈ ಸಲ ಐಡಿಯಾ ಏನೂ ಹೇಳಲಿಲ್ಲ.

ಕರುವಿಗೆ ಔಷಧಿಯಾಯಿತು. ನಮಗೆ ಪಾಠ. ಹಾಲು ಮೈ ಬಿಸಿಯಷ್ಟು ಬೆಚ್ಚಗಿರಬೇಕು. ದಿನವೂ ಅದೇ ಹೊತ್ತಿಗೆ, ಸ್ವಲ್ಪ ಸ್ವಲ್ಪವೇ. ಬಾಟಲಿಯನ್ನು ತಾಯಿಯ ಕೆಚ್ಚಲು ಎಷ್ಟು ಎತ್ತರದಲ್ಲಿ ಇರುತ್ತದೋ ಅಷ್ಟರಲ್ಲೇ ಹಿಡಿಯಬೇಕು, ಕರುವಿನ ಕತ್ತು ಮೇಲೆತ್ತಬಾರದು. ನಡುನಡುವೆ ಓಆರ್‌ಎಸ್ ನೀರು. ಮಲಗಲು ಒಣಗಿದ ಜಾಗ. ಪ್ರತಿ ಸಲವೂ ಬಾಟಲಿ ಬಿಸಿನೀರಲ್ಲಿ ತೊಳೆಯಬೇಕು. (ಈ ಕೊನೆಯ ಕೆಲಸ ಯಾರ ಪಾಲಿಗೆ ಬಂತು ಅಂತ ಹೇಳಬೇಕೆ?)

ನಾನು ಆಫೀಸಿಗೆ ಇನ್ನೂ ನಾಲ್ಕು ದಿನ ರಜೆ ಹಾಕಿದೆ. ಕಾರಣ ಏನಂತ ಬರೆಯುವುದು? 'ಮನೆಯಲ್ಲಿ ಮಗುವಿಗೆ ಹುಷಾರಿಲ್ಲ' ಅಂತ ಬರೆದೆ. ತೀರಾ ಸುಳ್ಳೇನಲ್ಲವಲ್ಲ?

ಔಷಧಿ ಶುರುವಾದ ಮೊದಲೆರಡು ದಿನ ಕರು ಉಳಿಯುತ್ತದೆ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಬಾಟಲಿ ತೊಳೆಯುವಾಗೆಲ್ಲ ಆ ಎರಡು ತಟ್ಟೆ ನೆನಪಾಗಿ ನಾಚಿಕೆಯಾಗುತ್ತಿತ್ತು. ಪ್ರೀತಿಯಿಂದ ಕೊಟ್ಟವರು ನೀಲಮ್ಮ, ಪ್ರೀತಿಯಿಂದ ಮಾಡಿದವಳು ಅಕ್ಕ, ಪ್ರೀತಿಯಿಂದ ತಿಂದವನು ನಾನು. ಹಸಿದದ್ದು ಯಾರು? ರಜೆಯ ನಾಲ್ಕನೇ ದಿನ ಕರು ತಾನಾಗಿ ಎದ್ದು ನಿಂತು ನನ್ನ ಅಂಗಿಯ ಅಂಚು ಚೀಪಿತು. ಅಕ್ಕ ಅತ್ತಳು. ನನ್ನ ಕಣ್ಣೂ ಒದ್ದೆಯಾಯಿತು.

ಮೊನ್ನೆ ಅವಳದೇ ಫೋನ್. "ನಮ್ಮ ಎಮ್ಮಿ ಈದದ. ಗಿಣ್ಣ ಮಾಡೇನಿ, ಬರ್ತೀಯೇನು?"

"ಅದರ ಕರ ಮೊದಲ ಕುಡೀತೇನು?" ಎಂದೆ.

"ಹೊಟ್ಟಿತುಂಬ ಕುಡಿದು ಮಲಗೇದ. ಈ ಮನ್ಯಾಗ ಇನ್ನ ಮ್ಯಾಲ ನಿನ್ನ ಪಾಳಿ ಕರದ ಹಿಂದ, ತಿಳೀತೇನು?"