ಪಕ್ಕಾ ಖಿಲಾಡಿ

ಇದನ್ನು ಬರೆಯಲು ಕುಳಿತಾಗಲೆಲ್ಲ ನನಗೆ ಕನ್ನಡಕ ಒರೆಸುವ ಕೆಲಸ ನೆನಪಾಗುತ್ತದೆ. ಹೀಗೆ ಒರೆಸುತ್ತಲೇ ಇಪ್ಪತ್ತು ವರ್ಷ ಮುಂದೂಡಿದೆ. ಈಗ ಗಾಜೂ ದಣಿದಿದೆ, ನಾನೂ.

ನಾಗಪುರದ ಲಕ್ಷ್ಮೀ ನಗರದಲ್ಲಿ, ಮನೆಯ ಮುಂದಿನ ಕೋಣೆಯಲ್ಲಿ, ನಾನು ವಿಡಿಯೋ ಗೇಮ್ ಪಾರ್ಲರ್ ನಡೆಸುತ್ತಿದ್ದೆ. ಮ್ಯಾಟ್ರಿಕ್ ಓದಿದವನಿಗೆ ಅಷ್ಟು ದಂಧೆ ಸಾಕಿತ್ತು. ಸಿಡಿ ಹಾಕಿ ಆಡುವ ಹೊಸ ಯಂತ್ರ ಕೊಳ್ಳಲು ಹೋದಾಗ ಅಂಗಡಿಯವನು ಕೇಳಿದ: “ಕಾಕಾ, ಪಕ್ಕಾ ಖಿಲಾಡಿ ಚಾಹಿಯೇ ಯಾ ಟೈಮ್‌ಪಾಸ್ ಪಬ್ಲಿಕ್?” ನಿಜವಾದ ಆಟಗಾರರು ಬೇಕೋ, ಬರೀ ಹೊತ್ತು ಕಳೆಯುವ ಜನ ಬೇಕೋ ಎಂದು.

“ಪಕ್ಕಾ!” ಎಂದೆ, ಎದೆಯುಬ್ಬಿಸಿ. ಜನರನ್ನು ಹೀಗೆ ಎರಡು ಡಬ್ಬಿಗೆ ತುಂಬುವುದು ಎಷ್ಟು ಸುಲಭ! ಮದುವೆಗೆ ಹರಸಲು ಬಂದವರಾರು, ಬರೀ ಊಟಕ್ಕೆ ಬಂದವರಾರು ಎಂದು ಎಲೆ ನೋಡಿ ಹೇಳಲಾದೀತೆ?

ಪಕ್ಕಾ ಎಂದರೆ ಕುಸ್ತಿ ಆಟದಲ್ಲಿ ಗುಂಡಿ ಕುಟ್ಟುವ ಕಾಲೇಜು ಹುಡುಗರು. ಟೈಮ್‌ಪಾಸ್ ಎಂದರೆ ನಮ್ಮ ವೈನಿ, ತೀರಿಹೋದ ಅಣ್ಣನ ಹೆಂಡತಿ. ಮಧ್ಯಾಹ್ನ ಪಾರ್ಲರ್ ಖಾಲಿಯಾದಾಗ ಬಂದು ಒಕ್ಕಲುತನದ ಒಂದು ಆಟ ಆಡುವರು. ಗಜ್ಜರಿ ಬಿತ್ತಿ ನೀರುಣಿಸುವರು. ಪರದೆಯ ಮೇಲಿನ ಆಕಳಿಗೆ ಗೌರಿ ಎಂದು ಹೆಸರಿಟ್ಟಿದ್ದರು.

“ವೈನಿ, ಕುಸ್ತಿ ಬಿಟ್ಟು ಸಗಣಿ ಬಳೀತೀರಲ್ರಿ!” ಎಂದರೆ, “ನಿನ್ನ ಪೈಲವಾನರು ಹಾಲು ಕೊಡ್ತಾರೇನಪಾ?” ಎನ್ನುವರು.

ಆಟವನ್ನು ಉಳಿಸಿಡುವ ಮೆಮೊರಿ ಕಾರ್ಡಿನಲ್ಲಿ ಹದಿನೈದೇ ಖಾನೆ. ಹುಡುಗರಿಗೆ ಪಂದ್ಯ ಇಟ್ಟ ದಿನ ಸಾಲಲಿಲ್ಲ. ವೈನಿಯ ಎಂಟು ತಿಂಗಳ ಹೊಲವನ್ನು ಗುಂಡಿ ಒತ್ತಿ ಅಳಿಸಿದೆ. ಕೇಳಲಿಲ್ಲ. ಟೈಮ್‌ಪಾಸಿಗೆ ಕೇಳುವುದೇನು?

ಮರುದಿನ, “ರಘು, ಗೌರಿ ಎಲ್ಲಿ?” ಎಂದರು.

“ಜಾಗ ಬೇಕಾಗಿತ್ರಿ ವೈನಿ. ಇನ್ನೊಂದು ಆಕಳ ಕಟ್ರಿ.”

“ಹೋಗ್ಲಿ ಬಿಡು, ಆಟಾನ ಅಲ್ಲೇನು,” ಎಂದು ಎದ್ದರು. ಆಮೇಲೆ ಆ ಕೋಣೆಗೆ ಬಂದದ್ದು ಕಸ ಗುಡಿಸಲು ಮಾತ್ರ.

ಪಕ್ಕಾ ಖಿಲಾಡಿಗಳು ಮಳೆಗಾಲ ಮುಗಿಯುವುದರೊಳಗೆ ಎದುರಿನ ಸೈಬರ್ ಕೆಫೆಗೆ ಹೋದರು. ಹಿಂದೆ ಒಂದು ದಿನವೂ ತಪ್ಪದೆ ಆಡಲು ಬರುತ್ತಿದ್ದವರು ವೈನಿಯೊಬ್ಬರೇ ಎಂಬುದು ಖಾಲಿ ಕುರ್ಚಿಗಳ ನಡುವೆ ಕುಳಿತಾಗ ಹೊಳೆಯಿತು. ಅವರು ಮತ್ತೂ ಆರು ವರ್ಷ ಬದುಕಿದ್ದರು, ದಿನಕ್ಕೆರಡು ಹೊತ್ತು ಎದುರು ನಿಂತು ಬಡಿಸಿದರು. “ತಪ್ಪಾತು” ಎನ್ನಲು ಬಾಯಿ ತೆರೆದಾಗಲೆಲ್ಲ ನಾನು ಕೇಳಿದ್ದು ಇನ್ನೊಂದು ರೊಟ್ಟಿ.

ರೊಟ್ಟಿ ಕೇಳಲು ವೈನಿ ಎಂದರೆ ಸಾಕು. ಕ್ಷಮೆ ಕೇಳಲು ನಂಟು ಸಾಲದು, ಹೆಸರು ಬೇಕು. ಅವರ ಹೆಸರು ಅಂಬಾಬಾಯಿ.