ಅವ್ವ ಹಗ್ಗ ಹಿಡಿದ ದಿನ

ಇವತ್ತು ಅಂಗಳ ಗುಡಿಸಿದೆ, ರೊಟ್ಟಿ ಬಡಿದೆ, ಅವ್ವನಿಗೆ ಜಳಕ ಮಾಡಿಸಿದೆ, ಹಾಸಿಗೆ ಬಿಸಿಲಿಗೆ ಹಾಕಿದೆ. ನೀರು ಬಂದಾಗ ನಳದ ಬಾಯಿಗೆ ಹೊಸ ಸೋಸುಬಟ್ಟೆ ಕಟ್ಟಿದೆ. ಹಸಿ ಬಟ್ಟೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮನಸ್ಸು ಚಿಕ್ಕೋಡಿಯ ಈ ಮನೆ ಬಿಟ್ಟು ಕಾಗವಾಡದ ಹತ್ತಿರದ ನಮ್ಮೂರ ಬಾವಿಗೆ ಹೋಗಿ ನಿಂತಿತು.

ಎಂಬತ್ತರ ದಶಕದ ಕೊನೆ ಇರಬೇಕು. ಒಳ್ಳೆಯ ನೀರು ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂದು ಅಧ್ಯಯನ ಮಾಡಲು ಆನಿ ಎಂಬ ಹುಡುಗಿ ಸಮುದ್ರ ದಾಟಿ ಬಂದಿದ್ದಳು. ಕಾಲೇಜು ಮೆಟ್ಟಿಲು ಹತ್ತಿದವಳೆಂದು ದುಭಾಷಿ ನಾನೇ. ನನ್ನ ಇಂಗ್ಲಿಷಿಗೆ ಅವಳು ತಲೆ ಆಡಿಸುತ್ತಿದ್ದದ್ದು ತಿಳಿದೋ, ಕರುಣೆಯಿಂದಲೋ, ಇಂದಿಗೂ ಗೊತ್ತಿಲ್ಲ. ಸಣ್ಣ ಸೀಸೆಗಳಲ್ಲಿ ನೀರು ಪರೀಕ್ಷಿಸಿ, ನಮ್ಮ ಓಣಿಯ ಬೋರಿನದು ಕುಡಿಯಬಾರದು, ಮೇಲಿನ ಓಣಿಯ ಬಾವಿಯದು ಒಳ್ಳೆಯದು ಎಂದಳು.

"ಇದನ್ನ ಹೇಳಾಕ ಇಷ್ಟ್ ದೂರ ಬಂದಿಯೇನ ತಂಗಿ?" ಎಂದು ಅವ್ವ ನಕ್ಕಳು.

ನಾವು ಕೆಳಗಿನ ಓಣಿಯವರು, ಬೌದ್ಧರಾದ ದಲಿತರು. ಆ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಜೈನರ ಮನೆಯ ಪದ್ಮಕ್ಕ ಸೇದಿ, ಮೇಲಿಂದ ನಮ್ಮ ಕೊಡಕ್ಕೆ ಸುರಿಯುತ್ತಿದ್ದರು. ಅದೂ ಅವರಿಗೆ ಪುರುಸೊತ್ತಾದಾಗ. ತಮ್ಮ ನೀರನ್ನು ಅವರು ಬಟ್ಟೆಯಲ್ಲಿ ಸೋಸುವರು. ಬಟ್ಟೆಗೆ ಅಂಟಿದ ಸೂಕ್ಷ್ಮ ಜೀವಗಳು ಸಾಯಬಾರದೆಂದು ಅದನ್ನು ತೊಳೆದು, ಆ ನೀರನ್ನು ತಂದ ಬಾವಿಗೇ ಮೆಲ್ಲಗೆ ಇಳಿಸುವರು. ಬೇರೆ ಬಾವಿಗೆ ಬಿಡುವಂತಿಲ್ಲ. ದಯೆಯೇ ಅದು, ಅಲ್ಲವೆನ್ನಲಾರೆ. ಆದರೆ ಅದು ನಮ್ಮ ಓಣಿಯವರೆಗೆ ಬರಲಿಲ್ಲ ನೋಡಿ.

ಮರುದಿನ ಅವ್ವ ನೆಟ್ಟಗೆ ಹೋಗಿ ಹಗ್ಗ ಹಿಡಿದಳು.

"ಏನ್ ಮಾಡಾಕತ್ತಿ ಬೇ?" ಪದ್ಮಕ್ಕ ಹೌಹಾರಿದರು.

"ನೀರ್ ಸೇದಾಕತ್ತೀನ್ರಿ ಅಕ್ಕಾರ. ನಿಮ್ಮ ಹುಳಕ್ಕ ಈ ಬಾವ್ಯಾಗ ಜಾಗಾ ಐತಿ, ನನ್ನ ಕೊಡಕ್ಕ ಇಲ್ಲೇನ್ರಿ?"

ಆನಿ ಕ್ಯಾಮರಾ ಎತ್ತಿದಳು. "ಅದನ್ನ ಇಡ. ಕೊಡಕ್ಕ ಕೈ ಹಚ್ಚ," ಎಂದಳು ಅವ್ವ. ಇದಕ್ಕೆ ನನ್ನ ತರ್ಜುಮೆ ಬೇಕಾಗಲಿಲ್ಲ.

"ಇನ್ನ ಈ ಬಾವಿ ಕಡೆ ಕಾಲ್ ಇಡೂದಿಲ್ಲ ನಾ!" ಎಂದು ಪದ್ಮಕ್ಕ ಮನೆಗೆ ನಡೆದರು. ಆದರೆ ಬೆಳಗ್ಗೆ ಸೋಸಿದ ನೀರಿನ ಜೀವಗಳು ಅವರ ಮನೆಯಲ್ಲೇ ಕಾಯುತ್ತಿದ್ದವು. ಸ್ವಲ್ಪ ಹೊತ್ತಿಗೆ ಸಣ್ಣ ತಂಬಿಗೆ ಹಿಡಿದು, ಮುಖ ಗಂಟಿಕ್ಕಿಕೊಂಡು ಬಂದರು. ಅವ್ವ ಸರಿದು ಜಾಗ ಮಾಡಿದಳು. ಹಗ್ಗ ಮಾತ್ರ ಬಿಡಲಿಲ್ಲ.

"ಬರ್ರಿ, ನಿಮ್ಮ ಹುಳಾ ಬಿಡ್ರಿ. ನಾಳಿಗೂ ಬರ್ತೀನ್ರಿ ನಾ."

ಬಂದಳು ಕೂಡ, ದಿನಾ.

ಈಗ ಅವ್ವನ ಕೈ ನಡುಗುತ್ತದೆ. ಸಂಜೆ ನಾನೇ ತಂಬಿಗೆ ಎತ್ತಿ ಅವಳ ಬಾಯಿಗೆ ನೀರು ಬಿಡಲು ಹೋದೆ.

"ಮ್ಯಾಲಿಂದ ಸುರೀಬ್ಯಾಡ ಲೇ. ತಂಬಿಗಿ ನನ್ನ ಕೈಯಾಗ ಕೊಡ!"

ಕೊಟ್ಟೆ. ಅರ್ಧ ಸೀರೆಯ ಮೇಲೆ ಚೆಲ್ಲಿತು. ನಾನು ಒರೆಸಲು ಹೋಗಲಿಲ್ಲ.

ರೊಟ್ಟಿ, ಜುಣಕ, ಮಜ್ಜಿಗೆ ಉಂಡೆವು. ಮೊದಲು ನಿದ್ದೆ ಹೋದವಳು ಅವ್ವ, ಮತ್ತೆ ತುಂಬಿಸಿದ ತಂಬಿಗೆಯನ್ನು ತಲೆದಿಂಬಿನ ಹತ್ತಿರವೇ ಇಟ್ಟುಕೊಂಡು.